ಕಾರು ಅಪಘಾತ ಯಾಕೆ ಆಗುತ್ತದೆ? ನಮ್ಮ ರಾಜ್ಯದ ರಸ್ತೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಬ್ಬಕ್ಕೆ ಊರಿಗೆ ಹೊರಟವರು, ಮದುವೆ ಮುಗಿಸಿ ರಾತ್ರಿಯೇ ವಾಪಸ್ ಬರುವವರು, ಧರ್ಮಸ್ಥಳ-ಸುಬ್ರಹ್ಮಣ್ಯಕ್ಕೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೋಗುವವರು, ಹೊಸದಾಗಿ ಕಾರು ಕೊಂಡವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಹೆಚ್ಚಿನ ಉದಾಹರಣೆಗಳು ಕರ್ನಾಟಕದ ಹೆದ್ದಾರಿಗಳವು.

ಕಾರು ಅಪಘಾತಕ್ಕೆ ಮೊದಲ ಕಾರಣ ಯಾವುದು?

ಅತಿವೇಗ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದ ಪ್ರಕಾರ 2022ರಲ್ಲಿ ದೇಶದಲ್ಲಿ 4,61,312 ಅಪಘಾತಗಳಾದವು. 1,68,491 ಜನ ಸತ್ತರು. ಕರ್ನಾಟಕದಲ್ಲೇ ಸತ್ತವರು 11,702. ದೇಶದ ಒಟ್ಟು ಸಾವಿನಲ್ಲಿ ನೂರಕ್ಕೆ 71ರಷ್ಟು ಅತಿವೇಗದ ಲೆಕ್ಕಕ್ಕೆ ಹೋಗಿವೆ.

ಈ ಅಂಕಿಯನ್ನು ಸ್ವಲ್ಪ ಎಚ್ಚರಿಕೆಯಿಂದ ಓದಬೇಕು. ಅಪಘಾತ ಒಂದೇ ಕಾರಣಕ್ಕೆ ಆಗುವುದು ಕಡಿಮೆ. ಚಾಲಕನಿಗೆ ನಿದ್ದೆ ಬಂದಿರುತ್ತದೆ, ಮುಂದೆ ಲೈಟಿಲ್ಲದ ಲಾರಿ ನಿಂತಿರುತ್ತದೆ, ಟೈರ್ ಸವೆದಿರುತ್ತದೆ. ದಾಖಲೆಯಲ್ಲಿ ಮಾತ್ರ ‘ಅತಿವೇಗ’ ಎಂದು ಬರೆದು ಮುಗಿಸುತ್ತಾರೆ. ಹಾಗಂತ ವೇಗದ ಪಾತ್ರ ಚಿಕ್ಕದು ಅಂತಲ್ಲ. ಬೇರೆ ಯಾವ ತಪ್ಪು ಆಗಿದ್ದರೂ ಅದನ್ನು ಸರಿಮಾಡಿಕೊಳ್ಳಲು ಸಿಗುವ ಸಮಯವನ್ನು ವೇಗ ಕಿತ್ತುಕೊಳ್ಳುತ್ತದೆ. ಕೆಳಗಿನ ಎಲ್ಲ ಉತ್ತರಗಳಲ್ಲೂ ಈ ಮಾತು ಒಂದಲ್ಲ ಒಂದು ಬಗೆಯಲ್ಲಿ ಬರುತ್ತದೆ.

ರಸ್ತೆ ಚೆನ್ನಾಗಿದೆ, ಕಾರೂ ಹೊಸದು. 100ರ ಬದಲು 120ರಲ್ಲಿ ಹೋದರೆ ಏನಾಗುತ್ತದೆ?

ಲೆಕ್ಕ ಹಾಕಿ ನೋಡೋಣ. ಗಂಟೆಗೆ 100 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಎದುರು ಏನೋ ಕಂಡು, ಅದು ಏನೆಂದು ತಿಳಿದು, ಕಾಲು ಬ್ರೇಕ್ ಮೇಲೆ ಬರುವುದಕ್ಕೆ ಒಂದೂವರೆ ಸೆಕೆಂಡ್ ಬೇಕು ಅಂದುಕೊಳ್ಳಿ. ಅಷ್ಟರಲ್ಲಿ ಕಾರು 42 ಮೀಟರ್ ಹೋಗಿಬಿಟ್ಟಿರುತ್ತದೆ. ಒಣ ರಸ್ತೆ, ಒಳ್ಳೆಯ ಬ್ರೇಕ್ ಇದ್ದರೂ ಪೂರ್ತಿ ನಿಲ್ಲಲು ಇನ್ನೂ 55 ಮೀಟರ್ ಬೇಕು. ಒಟ್ಟು 97 ಮೀಟರ್.

120ರಲ್ಲಿ ಇದೇ ಲೆಕ್ಕ ಸುಮಾರು 129 ಮೀಟರ್ ಆಗುತ್ತದೆ. ಇನ್ನೊಂದು ರೀತಿಯಲ್ಲಿ ನೋಡಿ. 100ರಲ್ಲಿದ್ದ ಕಾರು ಪೂರ್ತಿ ನಿಂತ ಜಾಗದಲ್ಲಿ, 120ರಲ್ಲಿದ್ದ ಕಾರು ಇನ್ನೂ ಗಂಟೆಗೆ 75 ಕಿ.ಮೀ. ಆಸುಪಾಸಿನ ವೇಗದಲ್ಲಿ ಇರುತ್ತದೆ. ಮೊದಲನೆಯವರು ಎದೆ ಹಿಡಿದುಕೊಂಡು ಮನೆಗೆ ಹೋಗುತ್ತಾರೆ. ಎರಡನೆಯವರು ಆಸ್ಪತ್ರೆಗೋ ಅದಕ್ಕೂ ಆಚೆಗೋ ಹೋಗುತ್ತಾರೆ.

ಉಳಿಯುವ ಸಮಯ ಎಷ್ಟು? 119 ಕಿ.ಮೀ. ಬೆಂಗಳೂರು–ಮೈಸೂರು ಹೆದ್ದಾರಿಯನ್ನು ಉದ್ದಕ್ಕೂ 100ರಲ್ಲಿ ಹೋದರೆ 71 ನಿಮಿಷ, 120ರಲ್ಲಿ ಹೋದರೆ ಒಂದು ಗಂಟೆ. ಉಳಿಯುವುದು ಹನ್ನೊಂದು-ಹನ್ನೆರಡು ನಿಮಿಷ. ಊರೊಳಗೆ ಬಂದ ಮೇಲೆ ಎರಡು ಸಿಗ್ನಲ್‌ನಲ್ಲಿ ಅದೂ ಖರ್ಚಾಗುತ್ತದೆ.

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಮೊದಮೊದಲು ಅಷ್ಟೊಂದು ಸಾವು ಆಗಿದ್ದು ಯಾಕೆ?

2023ರ ಮಾರ್ಚ್ 12ರಂದು ಈ ರಸ್ತೆಯ ಉದ್ಘಾಟನೆ ಆಯಿತು. ಅದೇ ವರ್ಷ ಮೇ ತಿಂಗಳಲ್ಲಿ 29 ಜನ, ಜೂನ್‌ನಲ್ಲಿ 28 ಜನ ಸತ್ತರು. ರಾಜ್ಯವೇ ಬೆಚ್ಚಿಬಿದ್ದಿತ್ತು. ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯದ ಜನಕ್ಕೆ ಅದು ನಿನ್ನೆ ಮೊನ್ನೆಯವರೆಗೂ ನಮ್ಮೂರ ರಸ್ತೆ. ಇದ್ದಕ್ಕಿದ್ದಂತೆ ಅಲ್ಲಿ ಆರು ಪಥದಲ್ಲಿ ಕಾರುಗಳು 130, 140ರಲ್ಲಿ ಹಾರತೊಡಗಿದವು. ಅದೇ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರ್‌ಗಳೂ ಇದ್ದವು. ದಾಟಲು ಜಾಗವಿಲ್ಲದೆ ಜನ ಬೇಲಿ ಹಾರಿ, ಡಿವೈಡರ್ ಹತ್ತಿ ಆಚೆ ಹೋಗುತ್ತಿದ್ದರು. ಎಲ್ಲಿ ಒಳಗೆ ಬರಬೇಕು, ಎಲ್ಲಿ ಹೊರಗೆ ಹೋಗಬೇಕು ಎಂದು ಗೊತ್ತಾಗದೆ ಕಾರಿನವರು ಪಕ್ಕನೆ ಎಡಕ್ಕೆ ತಿರುಗಿಸುತ್ತಿದ್ದರು. ನಿರ್ಗಮನ ತಪ್ಪಿಹೋದರೆ ಹಿಮ್ಮುಖ ಬರುವವರೂ ಇದ್ದರು.

ಆಮೇಲೆ ಪೊಲೀಸರು ವೇಗ ಅಳೆಯುವ ಯಂತ್ರ ಹಿಡಿದು ನಿಂತರು. ವೇಗದ ಮಿತಿ 100 ಎಂದು ಬಿಗಿ ಮಾಡಿದರು. ಜುಲೈನಲ್ಲಿ ಸಾವು 8ಕ್ಕೆ ಇಳಿಯಿತು. ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ಪಥದಿಂದ ಸರ್ವಿಸ್ ರಸ್ತೆಗೆ ಕಳಿಸಿದರು. ಮುಂದೆ ಕ್ಯಾಮೆರಾಗಳೂ ಬಂದವು. 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ ಎಲ್ಲೇ ಆಗಲಿ 130 ದಾಟಿದರೆ ಬರೀ ದಂಡ ಅಲ್ಲ, ಎಫ್‌ಐಆರ್ ಎಂದು ಘೋಷಿಸಿದರು.

ನನಗೆ ಈ ರಸ್ತೆಯ ಕಥೆ ತುಂಬ ಮುಖ್ಯ ಅನಿಸುತ್ತದೆ. ‘ನಮ್ಮ ಜನ ಬದಲಾಗಲ್ಲ ಬಿಡಿ’ ಎಂದು ಕೈಚೆಲ್ಲುವವರು ಈ ಅಂಕಿ ನೋಡಬೇಕು. ಜನ ಅವರೇ, ರಸ್ತೆ ಅದೇ. ಮಿತಿ ಮೀರಿದರೆ ಸಿಕ್ಕಿಬೀಳುತ್ತೇವೆ ಎಂದು ಗೊತ್ತಾದ ಕೂಡಲೇ ಒಂದೇ ತಿಂಗಳಲ್ಲಿ ಇಪ್ಪತ್ತು ಜೀವ ಉಳಿಯಿತು.

ನಿಂತಿರುವ ಲಾರಿಗೆ ಹಿಂದಿನಿಂದ ಗುದ್ದುವುದು ಯಾಕೆ ಇಷ್ಟು ಜಾಸ್ತಿ? ಅಷ್ಟು ದೊಡ್ಡ ಲಾರಿ ಕಾಣಿಸುವುದಿಲ್ಲವೇ?

ಕಾಣಿಸುತ್ತದೆ. ಆದರೆ ಅದು ನಿಂತಿದೆ ಎಂದು ತಿಳಿಯುವುದಿಲ್ಲ. ಕತ್ತಲಲ್ಲಿ ಮುಂದಿನ ಗಾಡಿಯ ಹಿಂಭಾಗ ಮಾತ್ರ ಕಂಡಾಗ, ಅದೂ ನಮ್ಮಂತೆ ಓಡುತ್ತಿದೆ ಎಂದೇ ಮನಸ್ಸು ಅಂದುಕೊಳ್ಳುತ್ತದೆ. ದೂರ ಬೇಗ ಬೇಗ ಕಮ್ಮಿ ಆಗುತ್ತಿದೆ ಎಂದು ಅರಿವಾಗುವ ಹೊತ್ತಿಗೆ ಬ್ರೇಕ್ ಹಾಕಲು ಜಾಗ ಇರುವುದಿಲ್ಲ. ಲಾರಿಯ ಹಿಂದಿನ ಲೈಟಿಗೆ ಮಣ್ಣು ಮೆತ್ತಿದ್ದರೆ, ರಿಫ್ಲೆಕ್ಟರ್ ಕಿತ್ತುಹೋಗಿದ್ದರೆ ಅಷ್ಟೂ ಕಾಣುವುದಿಲ್ಲ.

2024ರ ಜೂನ್ 28ರ ನಸುಕಿನಲ್ಲಿ ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನಲ್ಲಿ ಟೆಂಪೊ ಟ್ರಾವೆಲರ್ ಒಂದು ನಿಂತ ಲಾರಿಗೆ ಗುದ್ದಿ 13 ಜನ ಸತ್ತರು. ದೇವಸ್ಥಾನಕ್ಕೆ ಹೋಗಿ ಶಿವಮೊಗ್ಗ ಜಿಲ್ಲೆಯ ತಮ್ಮ ಊರಿಗೆ ಮರಳುತ್ತಿದ್ದವರು. 2023ರ ಅಕ್ಟೋಬರ್ 26ರ ಬೆಳಿಗ್ಗೆ ಚಿಕ್ಕಬಳ್ಳಾಪುರದ ಬಳಿ ಮಂಜಿನಲ್ಲಿ ಟಾಟಾ ಸುಮೊ ನಿಂತ ಟ್ಯಾಂಕರ್‌ಗೆ ಗುದ್ದಿ 13 ಜನ ಹೋದರು. ಹಿರಿಯೂರು, ಚಿತ್ರದುರ್ಗ, ಶಿರಾ ಕಡೆಯ ಜನಕ್ಕೆ ಇಂಥ ಸುದ್ದಿ ಹೊಸದಲ್ಲ.

ಈ ಡಿಕ್ಕಿಯಲ್ಲಿ ಇನ್ನೊಂದು ಅಪಾಯ ಇದೆ. ಲಾರಿಯ ಹಿಂಭಾಗ ಎತ್ತರ. ಕಾರಿನ ಬಂಪರ್, ಬಾನೆಟ್ಟು ಏಟನ್ನು ತಡೆಯುವ ಮೊದಲೇ ಕಾರು ಲಾರಿಯ ಅಡಿಗೆ ನುಗ್ಗಿಬಿಡುತ್ತದೆ. ಏಟು ನೇರ ಗಾಜಿಗೆ, ತಲೆಯ ಮಟ್ಟಕ್ಕೆ ಬೀಳುತ್ತದೆ. ಏರ್‌ಬ್ಯಾಗ್ ಎಷ್ಟಿದ್ದರೂ ಇಲ್ಲಿ ಉಪಯೋಗ ಕಡಿಮೆ.

ರಸ್ತೆಯ ಅಂಚಿನಲ್ಲಿ ಲಾರಿ ನಿಲ್ಲಿಸುವ ಚಾಲಕರಿಗೆ ಬೈದು ಸುಮ್ಮನಾಗುವುದು ನನಗೆ ಒಪ್ಪಿಗೆಯಿಲ್ಲ. ಅವರಿಗೂ ನಿದ್ದೆ ಬರುತ್ತದೆ, ಊಟ ಬೇಕು. ನಿಲ್ಲಲು ಹೆದ್ದಾರಿಯಲ್ಲಿ ಸರಿಯಾದ ತಂಗುದಾಣಗಳು ಬೇಕಾದಷ್ಟಿಲ್ಲ. ಅದನ್ನು ಕಟ್ಟಿಸಬೇಕಾದವರು ಬೇರೆ. ಅಲ್ಲಿಯವರೆಗೆ ಕಾರಿನವರು ಮಾಡಬಹುದಾದದ್ದು ಇಷ್ಟು: ರಾತ್ರಿ ಎಡ ಅಂಚಿಗೆ ಅಂಟಿಕೊಂಡು ಓಡಿಸಬೇಡಿ. ಹೆಡ್‌ಲೈಟ್ ಬೆಳಕು ಎಷ್ಟು ದೂರ ಬೀಳುತ್ತದೋ ಅಷ್ಟರೊಳಗೆ ನಿಲ್ಲಿಸಬಹುದಾದ ವೇಗದಲ್ಲಿ ಹೋಗಿ. ಲೋ ಬೀಮ್‌ನಲ್ಲಿ 100ರ ವೇಗ ಅಂದರೆ ಕಾಣದ ಜಾಗಕ್ಕೆ ನುಗ್ಗುತ್ತಿದ್ದೀರಿ ಎಂದೇ ಅರ್ಥ.

ನನ್ನ ಕಾರೇ ಹೆದ್ದಾರಿಯಲ್ಲಿ ಕೆಟ್ಟು ನಿಂತರೆ?

ಆದಷ್ಟು ಎಡಕ್ಕೆ ತಳ್ಳಿ. ನಾಲ್ಕೂ ಇಂಡಿಕೇಟರ್ ಹಾಕಿ. ಕಾರಿನ ಜೊತೆ ಬಂದ ಕೆಂಪು ತ್ರಿಕೋನವನ್ನು ಕನಿಷ್ಠ 50 ಮೀಟರ್ ಹಿಂದೆ ಇಡಿ. ವೇಗದ ಹೆದ್ದಾರಿಯಲ್ಲಿ ಇನ್ನೂ ದೂರ ಇಟ್ಟರೆ ಒಳ್ಳೆಯದು. ಒಳಗಿರುವವರನ್ನೆಲ್ಲ ಇಳಿಸಿ ತಡೆಗೋಡೆಯ ಆಚೆ ನಿಲ್ಲಿಸಿ. ಎಸಿ ಹಾಕಿಕೊಂಡು ಒಳಗೇ ಕೂತಿರುವುದು, ಕಾರಿನ ಹಿಂದೆ ನಿಂತು ಡಿಕ್ಕಿ ತೆಗೆದು ಸ್ಟೆಪ್ನಿ ಹುಡುಕುವುದು ಎರಡೂ ಅಪಾಯ. ಹೆದ್ದಾರಿ ಸಹಾಯವಾಣಿ 1033.

ರಾತ್ರಿ ಡ್ರೈವ್ ಮಾಡುವಾಗ ನಿದ್ದೆ ಬಂದರೆ ಹಾಡು ಹಾಕಿಕೊಂಡು, ಕಿಟಕಿ ತೆರೆದುಕೊಂಡು ಹೋದರೆ ಸಾಕಲ್ವಾ?

ಸಾಲದು. ಹಾಡು, ತಣ್ಣನೆ ಗಾಳಿ, ಮುಖಕ್ಕೆ ನೀರು ಇವೆಲ್ಲ ಕೆಲವು ನಿಮಿಷದ ಆಟ. ನಿದ್ದೆ ಹೋಗುವುದು ಮಲಗಿದರೆ ಮಾತ್ರ.

ನಿದ್ದೆಯ ಜೋಂಪು ಹೇಳಿ ಬರುವುದಿಲ್ಲ. ಕಣ್ಣು ತೆರೆದೇ ಇರುತ್ತದೆ, ಮೆದುಳು ಮೂರ್ನಾಲ್ಕು ಸೆಕೆಂಡ್ ಮಲಗಿರುತ್ತದೆ. 100ರ ವೇಗದಲ್ಲಿ ನಾಲ್ಕು ಸೆಕೆಂಡ್ ಅಂದರೆ 111 ಮೀಟರ್ ದೂರ ಕಾರನ್ನು ಯಾರೂ ಓಡಿಸುತ್ತಿಲ್ಲ. ಕಳೆದ ಎರಡು ಕಿಲೋಮೀಟರ್ ಹೇಗೆ ಬಂದೆ ಎಂದು ನೆನಪಾಗದಿದ್ದರೆ, ಕಾರು ಗೆರೆಯಿಂದ ಗೆರೆಗೆ ಜಾರುತ್ತಿದ್ದರೆ, ಕತ್ತು ಒಮ್ಮೆ ತೂಗಿ ಎಚ್ಚರವಾದರೆ, ಅಲ್ಲೇ ಮೊದಲ ಪೆಟ್ರೋಲ್ ಬಂಕ್‌ನಲ್ಲಿ ನಿಲ್ಲಿಸಿ. ಒಂದು ಸ್ಟ್ರಾಂಗ್ ಕಾಫಿ ಕುಡಿದು ಕೂಡಲೇ ಇಪ್ಪತ್ತು ನಿಮಿಷ ಮಲಗಿ. ಕಾಫಿ ಕೆಲಸ ಶುರು ಮಾಡುವುದಕ್ಕೂ ಅಷ್ಟೇ ಹೊತ್ತು ಬೇಕು, ಎರಡೂ ಸೇರಿ ಚೆನ್ನಾಗಿ ಎಚ್ಚರವಾಗುತ್ತದೆ.

ನಸುಕಿನ 2ರಿಂದ 5 ಗಂಟೆ ತುಂಬ ಕೆಟ್ಟ ಹೊತ್ತು. ‘ರಾತ್ರಿ ಹೊರಟರೆ ಟ್ರಾಫಿಕ್ ಇರಲ್ಲ, ಬೆಳಗಾಗುವುದರೊಳಗೆ ಊರು ಸೇರಬಹುದು’ ಎಂಬ ಲೆಕ್ಕ ನಮ್ಮಲ್ಲಿ ಎಲ್ಲರ ಮನೆಯಲ್ಲೂ ಇದೆ. ಹಗಲಿಡೀ ಆಫೀಸಿನಲ್ಲಿ ದುಡಿದು ರಾತ್ರಿ ಹತ್ತಕ್ಕೆ ಹುಬ್ಬಳ್ಳಿಗೋ ಬೆಳಗಾವಿಗೋ ಕಾರು ತೆಗೆಯುವುದನ್ನು ದಯವಿಟ್ಟು ಬಿಡಿ. ಬಸ್ಸು, ರೈಲು ಸಿಗದಿದ್ದರೆ ಮಲಗಿ ಎದ್ದು ಬೆಳಿಗ್ಗೆ ಐದೂವರೆಗೆ ಹೊರಡಿ. ಬಾಡಿಗೆ ಕಾರಿನಲ್ಲಿ ಹೋಗುವವರು ಚಾಲಕರ ನಿದ್ದೆಯನ್ನೂ ಕೇಳಬೇಕು. ‘ಅಣ್ಣಾ, ನಿನ್ನೆ ರಾತ್ರಿ ಮಲಗಿದ್ರಾ?’ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಒಂದೇ ಒಂದು ಬಿಯರ್ ಕುಡಿದರೆ?

ಓಡಿಸಬೇಡಿ. ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿವರೆಗೆ ದಂಡ, ಆರು ತಿಂಗಳವರೆಗೆ ಜೈಲು ಆಗಬಹುದು. ಎಷ್ಟು ಕುಡಿದರೆ ಮಿತಿಯೊಳಗೆ ಇರುತ್ತೇವೆ ಎಂಬ ಲೆಕ್ಕ ಮಾಡುವ ಶಕ್ತಿಯೇ ಮೊದಲ ಗ್ಲಾಸಿನೊಂದಿಗೆ ಕುಗ್ಗಲು ಶುರುವಾಗುತ್ತದೆ.

ಬ್ಲೂಟೂತ್‌ನಲ್ಲಿ ಮಾತಾಡಿದರೆ ತೊಂದರೆ ಇಲ್ಲ ಅಲ್ವಾ?

ಕೈ ಖಾಲಿ ಇರುತ್ತದೆ, ಗಮನ ಖಾಲಿ ಇರುವುದಿಲ್ಲ. ಪಕ್ಕದಲ್ಲಿ ಕೂತವರು ಮಾತಾಡುವಾಗ ಎದುರು ಬಸ್ ಬಂದರೆ ತಾವೇ ಸುಮ್ಮನಾಗುತ್ತಾರೆ. ಫೋನಿನ ಆಚೆ ಇರುವವರಿಗೆ ಆ ಬಸ್ ಕಾಣುವುದಿಲ್ಲ. ಮೆಸೇಜು ಓದುವುದಂತೂ ಬೇಡವೇ ಬೇಡ. 80ರ ವೇಗದಲ್ಲಿ ಐದು ಸೆಕೆಂಡ್ ಕೆಳಗೆ ನೋಡಿದರೆ 111 ಮೀಟರ್ ಕಣ್ಣುಮುಚ್ಚಿ ಹೋದಂತೆ. ಮ್ಯಾಪ್ ಬೇಕಿದ್ದರೆ ಹೊರಡುವ ಮೊದಲೇ ಹಾಕಿ, ದನಿ ಜೋರು ಮಾಡಿ. ತಿರುವು ತಪ್ಪಿದರೆ ಮುಂದೆ ಹೋಗಿ ತಿರುಗಿಸಿಕೊಂಡು ಬನ್ನಿ. ಎರಡು ಕಿಲೋಮೀಟರ್ ಪೆಟ್ರೋಲ್ ಹೋದರೆ ಹೋಗಲಿ.

ಎರಡು ಪಥದ ರಸ್ತೆಯಲ್ಲಿ ಓವರ್‌ಟೇಕ್ ಮಾಡುವಾಗ ಆಗುವ ತಪ್ಪು ಯಾವುದು?

ಎದುರಿನ ಗಾಡಿಯ ವೇಗವನ್ನು ಮರೆಯುವುದು. ನೀವು 80, ಎದುರಿನವರು 80 ಅಂದರೆ ನಡುವಿನ ದೂರ ಸೆಕೆಂಡಿಗೆ 44 ಮೀಟರ್‌ನಂತೆ ಕರಗುತ್ತದೆ. ಅರವತ್ತರಲ್ಲಿ ಹೋಗುವ ಬಸ್ಸನ್ನು ದಾಟಲು ಆರೇಳು ಸೆಕೆಂಡ್ ಬೇಕು. ಅಂದರೆ ಎದುರು ಮುನ್ನೂರು ಮೀಟರ್ ಖಾಲಿ ಇರಬೇಕು, ಅದರ ಮೇಲೆ ಸ್ವಲ್ಪ ಉಳಿದಿರಬೇಕು. ತಿರುವಿನಲ್ಲಿ, ಏರಿನಲ್ಲಿ, ಸೇತುವೆ ಮೇಲೆ ಅಷ್ಟು ಜಾಗ ಕಾಣುವುದೇ ಇಲ್ಲ.

ಮುಂದಿನ ಕಾರು ದಾಟಿತು ಎಂದು ಅದರ ಬೆನ್ನಿಗೇ ಹೋಗುವುದು ಇನ್ನೂ ಕೆಟ್ಟದ್ದು. ಅವರಿಗೆ ಕಂಡ ರಸ್ತೆ ನಿಮಗೆ ಕಂಡಿಲ್ಲ. ನಾಲ್ಕು ಪಥದ ರಸ್ತೆಯಲ್ಲಿ ಸಮಸ್ಯೆ ಬೇರೆ: ಲಾರಿ ಬಲಪಥದಲ್ಲಿ ನಿಧಾನ ಹೋಗುತ್ತದೆ, ಕಾರಿನವರು ಬೇಸತ್ತು ಎಡದಿಂದ ನುಗ್ಗುತ್ತಾರೆ. ಲಾರಿಯ ಎಡಬದಿ ಚಾಲಕರಿಗೆ ಸರಿಯಾಗಿ ಕಾಣುವುದಿಲ್ಲ. ಹಾರ್ನ್ ಹೊಡೆದು, ಲೈಟ್ ಮಿಣುಕಿಸಿ, ಅವರು ನೋಡಿದರು ಎಂದು ಖಾತ್ರಿಯಾದ ಮೇಲೆ ದಾಟಿ.

ಶಿರಾಡಿ, ಚಾರ್ಮಾಡಿ, ಆಗುಂಬೆ ಇಳಿಯುವಾಗ ಬ್ರೇಕ್ ಯಾಕೆ ಹಿಡಿಯುವುದಿಲ್ಲ?

ಉದ್ದಕ್ಕೂ ಬ್ರೇಕ್ ಮೇಲೆ ಕಾಲಿಟ್ಟರೆ ಬ್ರೇಕ್ ಕಾದುಹೋಗುತ್ತದೆ. ಸುಟ್ಟ ವಾಸನೆ ಬರುತ್ತದೆ, ಆಮೇಲೆ ಎಷ್ಟು ಒತ್ತಿದರೂ ಹಿಡಿತ ಸಿಗುವುದಿಲ್ಲ. ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್. ಎರಡನೇ ಗೇರಿನಲ್ಲಿ ಎಂಜಿನ್ನೇ ಕಾರನ್ನು ಹಿಡಿದುಕೊಳ್ಳುತ್ತದೆ. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡಿ ಇಳಿಯುವವರು ಈಗಲೂ ಇದ್ದಾರೆ. ಅದರಿಂದ ಉಳಿತಾಯವೇನೂ ಇಲ್ಲ. ಈಗಿನ ಕಾರುಗಳಲ್ಲಿ ಗೇರಿನಲ್ಲಿ ಇಳಿಯುವಾಗಲೇ ಇಂಧನ ಹರಿಯುವುದು ನಿಲ್ಲುತ್ತದೆ. ಆಟೊಮ್ಯಾಟಿಕ್ ಇದ್ದರೆ ‘ಎಲ್’ ಅಥವಾ ಮ್ಯಾನ್ಯುಯಲ್ ಮೋಡ್ ಬಳಸಿ.

ಮಳೆಯಲ್ಲಿ ಕಾರು ತೇಲಿದಂತಾಗುತ್ತದಲ್ಲ, ಅದು ಏನು?

ನಿಜವಾಗಿಯೂ ತೇಲುತ್ತಿರುತ್ತದೆ. ಟೈರಿನ ಗೀರುಗಳು ನೀರನ್ನು ಪಕ್ಕಕ್ಕೆ ತಳ್ಳಬೇಕು. ವೇಗ ಹೆಚ್ಚಿದ್ದರೆ, ಗೀರು ಸವೆದಿದ್ದರೆ ಅಷ್ಟು ನೀರು ಹೊರಹೋಗುವುದಿಲ್ಲ. ಟೈರ್ ನೀರಿನ ಪದರದ ಮೇಲೆ ಏರುತ್ತದೆ. ಸ್ಟೀರಿಂಗ್, ಬ್ರೇಕ್ ಎರಡೂ ಕೇಳುವುದಿಲ್ಲ. ಆಗ ಗಾಬರಿಯಿಂದ ಬ್ರೇಕ್ ಒತ್ತಬೇಡಿ. ಆಕ್ಸಿಲರೇಟರ್‌ನಿಂದ ಮೆಲ್ಲಗೆ ಕಾಲು ತೆಗೆದು, ಸ್ಟೀರಿಂಗ್ ನೇರ ಹಿಡಿದು, ಹಿಡಿತ ಮರಳುವವರೆಗೆ ಕಾಯಿರಿ. ಗೀರಿನ ಆಳ 1.6 ಮಿ.ಮೀ.ಗಿಂತ ಕಡಿಮೆ ಇದ್ದರೆ ಕಾನೂನಿನ ಪ್ರಕಾರವೂ ಆ ಟೈರ್ ಓಡಿಸುವಂತಿಲ್ಲ. ಮಲೆನಾಡಿನ ಮಳೆಗೆ ಅಷ್ಟೂ ಸಾಲದು, ಅದಕ್ಕೆ ಮೊದಲೇ ಬದಲಿಸಿ.

ಮಳೆಯಲ್ಲಿ ಓಡುತ್ತಲೇ ನಾಲ್ಕೂ ಇಂಡಿಕೇಟರ್ ಹಾಕಿಕೊಳ್ಳುವ ಅಭ್ಯಾಸ ಈಗ ಹಬ್ಬಿದೆ. ಹಿಂದಿನವರಿಗೆ ನೀವು ನಿಂತಿದ್ದೀರೋ ತಿರುಗುತ್ತೀರೋ ಗೊತ್ತಾಗುವುದಿಲ್ಲ. ಲೋ ಬೀಮ್ ಹಾಕಿದರೆ ಹಿಂದಿನ ದೀಪವೂ ಉರಿಯುತ್ತದೆ, ಅಷ್ಟು ಸಾಕು. ಮಂಜಿನಲ್ಲೂ ಹೈ ಬೀಮ್ ಬೇಡ. ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ಮರಳುತ್ತದೆ.

ಟೈರ್ ಸಿಡಿಯುವುದಕ್ಕೆ ಗಾಳಿ ಜಾಸ್ತಿ ಆಗುವುದು ಕಾರಣವೇ?

ಹೆಚ್ಚಿನ ಸಲ ಉಲ್ಟಾ. ಗಾಳಿ ಕಡಿಮೆ ಇದ್ದರೆ ಟೈರಿನ ಗೋಡೆ ಸುತ್ತು ಸುತ್ತಿಗೂ ಮಡಚಿ ಬಿಸಿಯಾಗುತ್ತದೆ. ಮೇಲಿಂದ ಐದು ಜನ, ತುಂಬಿದ ಡಿಕ್ಕಿ, ಏಪ್ರಿಲ್ ಬಿಸಿಲು, 120ರ ವೇಗ. ಸಿಡಿಯದೆ ಇನ್ನೇನು? ಬಾಗಿಲ ಹತ್ತಿರ ಅಂಟಿಸಿದ ಪಟ್ಟಿಯಲ್ಲಿ ಬರೆದಷ್ಟು ಗಾಳಿಯನ್ನು ಟೈರ್ ತಣ್ಣಗಿರುವಾಗ ತುಂಬಿಸಿ. ಟೈರಿನ ವಯಸ್ಸೂ ನೋಡಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಓಡಿದ್ದು ಕಡಿಮೆ ಎಂದರೂ ರಬ್ಬರಿಗೆ ವಯಸ್ಸಾಗುತ್ತದೆ.

ಹಳ್ಳಿ ರಸ್ತೆಗಳಲ್ಲಿ ಏನನ್ನು ಗಮನಿಸಬೇಕು?

ಮಂಡ್ಯ, ಬಾಗಲಕೋಟೆ, ಬೆಳಗಾವಿ ಕಡೆ ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್‌ಗೆ ಎರಡು ಟ್ರೇಲರ್ ಕಟ್ಟಿಕೊಂಡು ಹೋಗುತ್ತಾರೆ. ಹಿಂದೆ ಲೈಟ್ ಇಲ್ಲ, ಇದ್ದರೂ ಕಬ್ಬಿನ ಸೋಗೆಯಲ್ಲಿ ಮುಚ್ಚಿರುತ್ತದೆ. ಸುಗ್ಗಿಯಲ್ಲಿ ತುಮಕೂರು, ಹಾಸನ, ಚಾಮರಾಜನಗರದ ರಸ್ತೆಗಳ ಮೇಲೆ ರಾಗಿ, ಹುರುಳಿ ಒಕ್ಕಣೆ. ಹುಲ್ಲಿನ ಮೇಲೆ ಬ್ರೇಕ್ ಹಾಕಿದರೆ ಕಾರು ಜಾರುತ್ತದೆ. ಹುರುಳಿ ಬಳ್ಳಿ ಕಾರಿನ ಅಡಿ ಸುತ್ತಿಕೊಂಡು, ಸೈಲೆನ್ಸರ್ ಬಿಸಿಗೆ ಬೆಂಕಿ ಹತ್ತಿ ಕಾರು ಸುಟ್ಟುಹೋದ ಘಟನೆಗಳೂ ಆಗಿವೆ. ಅಂಥ ಕಡೆ ದಾಟಿದ ಮೇಲೆ ಇಳಿದು ಅಡಿಗೆ ಬಗ್ಗಿ ನೋಡಿ. ಬಣ್ಣ ಬಳಿಯದ ಹಂಪ್‌ಗಳು ಊರ ಬಾಗಿಲಲ್ಲಿ, ಶಾಲೆಯ ಹತ್ತಿರ ಇದ್ದೇ ಇರುತ್ತವೆ ಎಂದುಕೊಂಡೇ ಹೋಗಿ.

ನಾಲೆ, ಕೆರೆ ಏರಿಯ ರಸ್ತೆಗಳು ಯಾಕೆ ಅಪಾಯ?

ತಡೆಗೋಡೆ ಇರುವುದಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ಸತ್ತರು. ಮನೆಗೆ ಬರುತ್ತಿದ್ದ ಶಾಲಾ ಮಕ್ಕಳೂ ಅದರಲ್ಲಿದ್ದರು. ಅಷ್ಟಾದ ಮೇಲೂ, 2023ರಲ್ಲಿ ಅದೇ ನಾಲೆಗೆ ಕಾರುಗಳು ಬಿದ್ದು ಜನ ಸತ್ತರು. ಇಲ್ಲಿ ಬರೀ ಚಾಲಕನ ತಪ್ಪು ಎಂದು ಬರೆದು ಮುಗಿಸುವುದು ಅನ್ಯಾಯ. ಚಾಲಕ ತಪ್ಪು ಮಾಡುತ್ತಾನೆ ಎಂದು ಗೊತ್ತಿದ್ದೇ ಗೋಡೆ ಕಟ್ಟಬೇಕು.

ಕಾರು ನೀರಿಗೆ ಬಿದ್ದರೆ ಬಾಗಿಲು ತೆರೆಯಲು ಹೆಣಗಬೇಡಿ, ನೀರಿನ ಒತ್ತಡಕ್ಕೆ ತೆರೆಯುವುದಿಲ್ಲ. ಬೆಲ್ಟ್ ಬಿಚ್ಚಿ, ತಕ್ಷಣ ಕಿಟಕಿ ಇಳಿಸಿ, ಮಕ್ಕಳನ್ನು ಮೊದಲು ತಳ್ಳಿ, ನೀವೂ ಹೊರಬನ್ನಿ. ಪವರ್ ವಿಂಡೊ ಸ್ವಲ್ಪ ಹೊತ್ತು ಕೆಲಸ ಮಾಡುತ್ತದೆ. ಫೋನ್ ಮಾಡುತ್ತ ಕೂತರೆ ಆ ಹೊತ್ತು ಮುಗಿಯುತ್ತದೆ. ಮುಂದಿನ ಗಾಜು ಸುಲಭಕ್ಕೆ ಒಡೆದು ದಾರಿ ಬಿಡುವುದಿಲ್ಲ. ಪಕ್ಕದ ಗಾಜಿನ ಮೂಲೆಗೆ ಚೂಪಾದ ಗಟ್ಟಿ ವಸ್ತುವಿನಿಂದ ಹೊಡೆಯಿರಿ.

ಹಿಂದಿನ ಸೀಟಿನವರಿಗೂ ಬೆಲ್ಟ್ ಬೇಕಾ?

ಬೇಕೇ ಬೇಕು. ಬೆಲ್ಟ್ ಹಾಕದಿರುವುದು ಅಪಘಾತಕ್ಕೆ ಕಾರಣ ಅಲ್ಲ, ಸಾವಿಗೆ ಕಾರಣ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ಅವರಿದ್ದ ಕಾರು ಸೇತುವೆಯ ಗೋಡೆಗೆ ಗುದ್ದಿತು. ಮುಂದೆ ಕೂತಿದ್ದ ಇಬ್ಬರು ಗಾಯಗೊಂಡು ಬದುಕಿದರು. ಹಿಂದೆ ಬೆಲ್ಟ್ ಇಲ್ಲದೆ ಕೂತಿದ್ದ ಮಿಸ್ತ್ರಿ ಮತ್ತು ಇನ್ನೊಬ್ಬರು ಸತ್ತರು. ಕಾರು ಬೆಂಜ್. ಆ ವರ್ಷ ದೇಶದಲ್ಲಿ ಬೆಲ್ಟ್ ಹಾಕದೆ ಸತ್ತವರು 16,715. ಅವರಲ್ಲಿ 8,331 ಮಂದಿ ಚಾಲಕರಲ್ಲ, ಜೊತೆಗೆ ಕೂತಿದ್ದವರು.

ಹಿಂದೆ ಕೂತ ಅಜ್ಜಿ ಬೆಲ್ಟ್ ಹಾಕದಿದ್ದರೆ ಡಿಕ್ಕಿಯಾದಾಗ ಮುಂದಿನ ಸೀಟಿನ ಮೇಲೆ ಎಸೆಯಲ್ಪಡುತ್ತಾರೆ. ಮುಂದಿನವರಿಗೂ ಅದೇ ಏಟು. ಮಗುವನ್ನು ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳುವುದಂತೂ ನೋಡಿದರೆ ಎದೆ ಝಲ್ಲೆನ್ನುತ್ತದೆ. ಏರ್‌ಬ್ಯಾಗ್ ಉಬ್ಬಿದ ರಭಸಕ್ಕೆ ಮಗು ತಾಳುವುದಿಲ್ಲ. ಯಾವ ತಾಯಿಯ ಕೈಯೂ ಆ ಏಟಿಗೆ ಮಗುವನ್ನು ಹಿಡಿದಿಟ್ಟುಕೊಳ್ಳಲಾರದು. ಚೈಲ್ಡ್ ಸೀಟ್ ಕೊಳ್ಳಿ, ಹಿಂದಿನ ಸೀಟಿನಲ್ಲಿ ಕಟ್ಟಿ. ಕಾರಿಗೆ ಲಕ್ಷಗಟ್ಟಲೆ ಕೊಟ್ಟವರಿಗೆ ಅದೊಂದು ಖರ್ಚಲ್ಲ.

ರಸ್ತೆಯದೇ ತಪ್ಪಿದ್ದರೆ ಯಾರನ್ನು ಕೇಳಬೇಕು?

ಒಂದೇ ಜಾಗದಲ್ಲಿ ಮತ್ತೆ ಮತ್ತೆ ಅಪಘಾತವಾಗುತ್ತಿದ್ದರೆ ಅದನ್ನು ಬ್ಲ್ಯಾಕ್ ಸ್ಪಾಟ್ ಎಂದು ಗುರುತಿಸಿ ಸರಿಪಡಿಸಬೇಕು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಎಂಬ ಕಲಂ ಸೇರಿತು. ರಸ್ತೆಯ ವಿನ್ಯಾಸ, ನಿರ್ವಹಣೆಯ ಲೋಪದಿಂದ ಸಾವು ಅಥವಾ ಅಂಗವೈಕಲ್ಯವಾದರೆ ಸಂಬಂಧಪಟ್ಟ ಸಂಸ್ಥೆ, ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಒಂದು ಜೀವಕ್ಕೆ ಒಂದು ಲಕ್ಷ ಏನೇನೂ ಅಲ್ಲ. ಆದರೂ ದೂರು ಕೊಡುವಾಗ ಈ ಕಲಂ ಹೆಸರಿಸಿ, ಜಾಗದ ಫೋಟೊ, ಕಿಲೋಮೀಟರ್ ಕಲ್ಲಿನ ಸಂಖ್ಯೆ ಸೇರಿಸಿ. ಗ್ರಾಮ ಪಂಚಾಯಿತಿಯ ಠರಾವೂ ಜೊತೆಗಿದ್ದರೆ ದೂರಿಗೆ ತೂಕ ಬರುತ್ತದೆ.

ಅಪಘಾತ ಕಂಡರೆ ನಿಲ್ಲಿಸಬೇಕಾ? ಪೊಲೀಸ್, ಕೋರ್ಟ್ ಅಂತ ಅಲೆಯಬೇಕಾಗುತ್ತದಲ್ಲ?

ನಿಲ್ಲಿಸಿ. ಕಾಯ್ದೆಯ 134ಎ ಕಲಂ ಸಹಾಯ ಮಾಡಿದವರಿಗೆ ರಕ್ಷಣೆ ಕೊಟ್ಟಿದೆ. ಹೆಸರು, ವಿಳಾಸ ಹೇಳಲೇಬೇಕು ಎಂದು ಪೊಲೀಸರಾಗಲಿ ಆಸ್ಪತ್ರೆಯವರಾಗಲಿ ಒತ್ತಾಯಿಸುವಂತಿಲ್ಲ. ಮೊದಲು ನಿಮ್ಮ ಕಾರನ್ನು ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಹಿಂದೆ ಬರುವ ಗಾಡಿಗಳಿಗೆ ಎಚ್ಚರಿಕೆ ಕೊಡಿ. 108 ಅಥವಾ 112ಕ್ಕೆ ಫೋನ್ ಮಾಡಿ, ಹತ್ತಿರದ ಊರು, ಟೋಲ್ ಅಥವಾ ಕಿಲೋಮೀಟರ್ ಕಲ್ಲಿನ ಗುರುತು ಹೇಳಿ. ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಬೆಂಕಿಯ ಭಯ ಇಲ್ಲದಿದ್ದರೆ ಒಳಗಿರುವವರನ್ನು ಎಳೆದಾಡಬೇಡಿ, ಕತ್ತಿಗೆ ಪೆಟ್ಟಾಗಿರಬಹುದು. ನೀರು ಕುಡಿಸಬೇಡಿ.

ದುಡ್ಡಿನ ಚಿಂತೆಯಿಂದ ಆಸ್ಪತ್ರೆಗೆ ತಡ ಮಾಡುವುದೂ ಬೇಡ. 2025ರ ಮೇ ತಿಂಗಳಿನಿಂದ ಜಾರಿಯಲ್ಲಿರುವ ಕೇಂದ್ರದ ಯೋಜನೆಯಲ್ಲಿ, ರಸ್ತೆ ಅಪಘಾತದ ಗಾಯಾಳುವಿಗೆ ಮೊದಲ ಏಳು ದಿನ 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆಯ ಅವಕಾಶ ಇದೆ. ಆಂಬುಲೆನ್ಸ್‌ಗೆ ಫೋನ್ ಮಾಡುವಾಗಲೇ, ಈ ಯೋಜನೆಗೆ ಒಳಪಟ್ಟ ಹತ್ತಿರದ ಆಸ್ಪತ್ರೆ ಯಾವುದು ಎಂದು ಕೇಳಿಕೊಳ್ಳಿ.